ಎತ್ತು ಈಯಿತು ಅಂದಿತು ಕಂಪ್ಯೂಟರ್

ಹೋದ ವಾರ ಆಫೀಸಿನ ಕ್ಯಾಂಟೀನ್‌ನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಟೀಮಿನ ಹುಡುಗನೊಬ್ಬ ಒಂದು ಮಾತು ಹೇಳಿದ. ಹಿಂದಿನ ರಾತ್ರಿ ಟೀವಿಯಲ್ಲಿ ಯಾರೋ ಮೇಜು ಕುಟ್ಟಿ ಕುಟ್ಟಿ ಯುದ್ಧದ ಬಗ್ಗೆ ಮಾತಾಡಿದ್ದರಂತೆ. ಅದರ ಉಳಿದ ಭಾಗ ನಮ್ಮ ಊಟದ ಮೇಜಿಗೆ ಬಂದಿತ್ತು.

“ಅಣ್ಣ, ಅಮೆರಿಕ, ರಷ್ಯಾ ನಲವತ್ತು ನಲವತ್ತೈದು ವರ್ಷ ಬಾಂಬು ಇಟ್ಕೊಂಡು ಎದುರುಬದುರು ನಿಂತಿದ್ರು. ಒಂದಾದ್ರೂ ಸಿಡೀತಾ? ಬಾಂಬು ಇದ್ದಿದ್ದಕ್ಕೇ ಮೂರನೇ ಮಹಾಯುದ್ಧ ಆಗಲಿಲ್ಲ. ಸಿಸ್ಟಮ್ ವರ್ಕ್ ಆಯ್ತು ಅಲ್ವಾ?”

ಸುತ್ತ ಕೂತಿದ್ದವರೆಲ್ಲ ಸಾಫ್ಟ್‌ವೇರಿನವರೇ. ಎಲ್ಲರೂ ತಲೆಯಾಡಿಸಿದರು. ನನಗೆ ಬೇಜಾರಾಗಿದ್ದು ಅದಕ್ಕೇ. ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆನೇನೋ. ನಾವು ಮಾತ್ರ ಹೇಳಬಾರದು. ಒಂದು ಸರ್ವರ್ ಎರಡು ವರ್ಷ ಬೀಳದೆ ನಿಂತಿದೆ ಅಂದ ಮಾತ್ರಕ್ಕೆ ಅದು ಗಟ್ಟಿಯಾಗಿದೆ ಅಂತ ನಾವು ಯಾರೂ ಒಪ್ಪಲ್ಲ. ಎಷ್ಟು ಸಲ ಬೀಳೋದರಲ್ಲಿತ್ತು, ಯಾರು ನಡುರಾತ್ರಿ ಎದ್ದು ಹಿಡಿದರು, ಹಿಡಿಯದಿದ್ದರೆ ಏನಾಗುತ್ತಿತ್ತು, ಲಾಗ್ ತೋರಿಸು ಅಂತೀವಿ. ಭೂಮಿಯ ಮೇಲಿನ ಅಷ್ಟೂ ಜೀವಗಳನ್ನು ಅಡ ಇಟ್ಟು ನಡೆಸಿದ ಸಿಸ್ಟಮ್ಮಿಗೆ ಮಾತ್ರ ಲಾಗ್ ಕೇಳೋದು ಬೇಡವೇ?

ಆ ಲಾಗಿನ ಕೆಲವು ಸಾಲುಗಳನ್ನು ಓದೋಣ.

1979ರ ನವೆಂಬರ್ 9. ಅಮೆರಿಕದ ಕೊಲೊರಾಡೊದಲ್ಲಿ ಬೆಟ್ಟದ ಹೊಟ್ಟೆ ಕೊರೆದು ಮಾಡಿದ ನೋರಾಡ್ ಕೇಂದ್ರವಿದೆ. ಶತ್ರುವಿನ ಕ್ಷಿಪಣಿ ಹೊರಟಿತೋ ಇಲ್ಲವೋ ಎಂದು ಹಗಲೂ ರಾತ್ರಿ ಕಾಯೋದೇ ಅದರ ಕೆಲಸ. ಅವತ್ತು ಅಲ್ಲಿನ ಪರದೆಗಳ ಮೇಲೆ ಸೋವಿಯತ್ ಒಕ್ಕೂಟದ ಭಾರೀ ದಾಳಿ ಕಾಣಿಸಿಕೊಂಡಿತು. ಯುದ್ಧವಿಮಾನಗಳು ಹಾರಿದವು. ಅಣುಯುದ್ಧದ ವೇಳೆ ಅಧ್ಯಕ್ಷರು ಕೂತು ಆದೇಶ ಕೊಡಬೇಕಾದ ವಿಶೇಷ ವಿಮಾನ ಅಧ್ಯಕ್ಷರಿಲ್ಲದೆಯೇ ಮೇಲೇರಿತು. ಕೆಲವು ನಿಮಿಷಗಳ ನಂತರ ಉಪಗ್ರಹ ಮತ್ತು ರೇಡಾರ್ ಕೇಂದ್ರಗಳನ್ನು ನೇರವಾಗಿ ವಿಚಾರಿಸಿದಾಗ ಗೊತ್ತಾಯಿತು, ಆಕಾಶ ಖಾಲಿ. ಆಗಿದ್ದೇನಪ್ಪಾ ಅಂದರೆ, ತರಬೇತಿಗೆಂದು ಮಾಡಿಟ್ಟಿದ್ದ ಕಾಲ್ಪನಿಕ ದಾಳಿಯ ಡೇಟಾ ನಿಜವಾದ ಕಂಪ್ಯೂಟರಿನೊಳಕ್ಕೆ ನುಗ್ಗಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೊಡಕ್ಷನ್‌ನಲ್ಲಿ ಟೆಸ್ಟ್ ಮಾಡಿದ್ದರು. ಟೆಸ್ಟಿಗೆ ಬೇರೆ ಜಾಗ ಬೇಕು ಎಂದು ಅವರು ಪ್ರತ್ಯೇಕ ಕೇಂದ್ರ ಮಾಡಿಕೊಂಡಿದ್ದು ಇದಾದ ಮೇಲೆ.

ನಗಬೇಡಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೂ ಇದನ್ನೇ ಮಾಡಿದ್ದೇನೆ. ಟೆಸ್ಟ್ ಸರ್ವರ್ ಅಂದುಕೊಂಡು ರಾತ್ರಿ ಎರಡು ಗಂಟೆಗೆ ಒಂದು ಸ್ಕ್ರಿಪ್ಟ್ ಓಡಿಸಿದೆ. “ನಿಮ್ಮ ಖಾತೆಯಿಂದ 9,999 ರೂಪಾಯಿ ಕಡಿತವಾಗಿದೆ” ಎಂಬ ಎಸ್ಸೆಮ್ಮೆಸ್ ಕೆಲವು ನೂರು ಜನ ನಿಜವಾದ ಗ್ರಾಹಕರಿಗೆ ಹೋಯಿತು. ಬೆಳಿಗ್ಗೆ ಕ್ಷಮೆ ಕೇಳಿ ಇನ್ನೊಂದು ಮೆಸೇಜು ಕಳಿಸಿದೆವು, ಬೈಸಿಕೊಂಡೆ, ಮುಗಿಯಿತು. ನನ್ನ ತಪ್ಪಿಗೆ ಬೆಳಿಗ್ಗೆ ಅನ್ನೋದೊಂದು ಇತ್ತು. ಖಂಡಾಂತರ ಕ್ಷಿಪಣಿಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಲು ಬೇಕಾಗೋದು ಸುಮಾರು ಅರ್ಧ ಗಂಟೆ. ಅಷ್ಟರೊಳಗೆ ನೋಡಿ, ನಂಬಿ, ಅಧ್ಯಕ್ಷರನ್ನು ಎಬ್ಬಿಸಿ, ನಿರ್ಧಾರ ಆಗಬೇಕು.

ಮುಂದಿನ ಸಾಲು, ಏಳೇ ತಿಂಗಳ ನಂತರ. 1980ರ ಜೂನ್ 3. ಅದೇ ನೋರಾಡ್‌ನಿಂದ ಮತ್ತೆ ದಾಳಿಯ ಸೂಚನೆ. ಈ ಸಲ ಪರದೆಯ ಮೇಲಿನ ಅಂಕಿಗಳು ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತಿದ್ದವು. ಬಾಂಬರ್ ವಿಮಾನಗಳ ಎಂಜಿನ್ ಚಾಲೂ ಆದವು. ಆಮೇಲೆ ಹುಡುಕಿದಾಗ ಸಿಕ್ಕಿದ್ದು 46 ಸೆಂಟ್ ಬೆಲೆಯ ಒಂದು ಚಿಪ್. ಸಂಪರ್ಕ ಸರಿಯಿದೆಯೇ ಎಂದು ನೋಡಲು ನೋರಾಡ್ ಸದಾ ಒಂದು ಮೆಸೇಜು ಕಳಿಸುತ್ತಿತ್ತು. ಅದರ ರೂಪ ನಿಜವಾದ ದಾಳಿಯ ಮೆಸೇಜಿನದೇ. ಕ್ಷಿಪಣಿಗಳ ಸಂಖ್ಯೆಯ ಜಾಗದಲ್ಲಿ ಮಾತ್ರ ಸೊನ್ನೆ. ಚಿಪ್ ಕೆಟ್ಟಾಗ ಸೊನ್ನೆಯ ಜಾಗದಲ್ಲಿ ಎರಡು ಬಂದು ಕೂತಿತು. ಆರೋಗ್ಯ ತಪಾಸಣೆಯ ಮೆಸೇಜಿಗೂ ಪ್ರಳಯದ ಮೆಸೇಜಿಗೂ ಒಂದೇ ಫಾರ್ಮ್ಯಾಟ್ ಇಟ್ಟವನನ್ನು ನೀವು ಕೋಡ್ ರಿವ್ಯೂನಲ್ಲಿ ಬಿಡ್ತೀರಾ?

ಹಿಂದಕ್ಕೆ ಹೋಗೋಣ, 1960ರ ಅಕ್ಟೋಬರ್ 5. ಗ್ರೀನ್‌ಲ್ಯಾಂಡಿನ ಥೂಲೆಯಲ್ಲಿ ಆಗಷ್ಟೇ ಕಟ್ಟಿದ್ದ ಹೊಸ ರೇಡಾರ್, ಕ್ಷಿಪಣಿಗಳು ಬರುತ್ತಿವೆ ಎಂದು ಕೂಗಿತು. ನೋರಾಡ್‌ನ ಉಪಮುಖ್ಯಸ್ಥರಾಗಿದ್ದ ಕೆನಡಾದ ರಾಯ್ ಸ್ಲೆಮನ್ ಕಂಪ್ಯೂಟರಿಗೆ ಹೊಳೆಯದ ಪ್ರಶ್ನೆಯೊಂದನ್ನು ಕೇಳಿದರು: ಕ್ರುಶ್ಚೇವ್ ಈಗ ಎಲ್ಲಿದ್ದಾರೆ? ಸೋವಿಯತ್ ನಾಯಕ ಕ್ರುಶ್ಚೇವ್ ವಿಶ್ವಸಂಸ್ಥೆಯ ಅಧಿವೇಶನಕ್ಕೆಂದು ನ್ಯೂಯಾರ್ಕಿನಲ್ಲೇ ಇದ್ದರು. ಅದೇ ಅಧಿವೇಶನಕ್ಕೆ ನಮ್ಮ ನೆಹರೂ ಸಹ ಹೋಗಿದ್ದರು. ತಮ್ಮ ನಾಯಕ ಕೂತಿರುವ ದೇಶದ ಮೇಲೆಯೇ ಯಾರು ಕ್ಷಿಪಣಿ ಬಿಡ್ತಾರೆ? ಕೊನೆಗೆ ನೋಡಿದರೆ, ರೇಡಾರ್ ನೋಡಿದ್ದು ನಾರ್ವೆಯ ಕಡೆ ಹುಟ್ಟುತ್ತಿದ್ದ ಚಂದ್ರನನ್ನು. ಚಂದ್ರ ದಿನಾ ಹುಟ್ಟುತ್ತಾನೆ ಎಂಬ ಯೂಸ್ ಕೇಸನ್ನು ಯಾರೂ ಬರೆದಿರಲಿಲ್ಲ.

ನಮ್ಮ ಊರ ಕಡೆ ಒಂದು ಗಾದೆ ಇದೆ, ನಿಮ್ಮ ಕಡೆಯೂ ಇರುತ್ತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹೇಳಿದವನದು ದಡ್ಡತನವೇ, ಆದರೆ ನಾವು ನಗೋದು ಕಟ್ಟು ಅಂದವನನ್ನು ನೋಡಿ. ಶೀತಲ ಸಮರದ ಸಿಸ್ಟಮ್ ಅಂದರೆ ಇಷ್ಟೇ. ಎತ್ತು ಈಯಿತು ಅನ್ನೋ ಯಂತ್ರಗಳು ಒಂದು ಕಡೆ, ಕಟ್ಟು ಅಂತ ಹಗ್ಗ ಹಿಡಿದು ತಯಾರಾಗಿ ನಿಂತವರು ಇನ್ನೊಂದು ಕಡೆ. ನಡುವೆ ಅಪರೂಪಕ್ಕೆ ಒಬ್ಬ ಮನುಷ್ಯ ಬಂದು, ‘ಏ, ಎತ್ತು ಎಲ್ಲಾದರೂ ಈಯುತ್ತೇನಯ್ಯಾ’ ಅಂದ. ಅದಕ್ಕೇ ನಾವು ನೀವು ಇವತ್ತು ಇದ್ದೇವೆ.

ಹಾಗೆ ಅಂದವರಲ್ಲಿ ಇಬ್ಬರ ಹೆಸರನ್ನಾದರೂ ನಾವು ತಿಳಿದಿರಬೇಕು. ಇಬ್ಬರೂ ಸೋವಿಯತ್ ಕಡೆಯವರು.

ಮೊದಲನೆಯವರು ವಸೀಲಿ ಅರ್ಖಿಪೋವ್. 1962ರ ಅಕ್ಟೋಬರ್ 27, ಕ್ಯೂಬಾ ಬಿಕ್ಕಟ್ಟಿನ ಅತ್ಯಂತ ಕೆಟ್ಟ ದಿನ. ಅವತ್ತೇ ಕ್ಯೂಬಾದ ಮೇಲೆ ಅಮೆರಿಕದ ಯು-2 ವಿಮಾನವೊಂದನ್ನು ಹೊಡೆದುರುಳಿಸಲಾಗಿತ್ತು. ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಅಮೆರಿಕದ ಹಡಗುಗಳು ಸುತ್ತುವರಿದಿದ್ದವು. ಅದನ್ನು ಮೇಲಕ್ಕೆ ಬರಿಸಲು ಸಣ್ಣ ಸಿಡಿಗುಂಡುಗಳನ್ನು ಎಸೆಯುತ್ತಿದ್ದವು. ಒಳಗೆ ಬ್ಯಾಟರಿ ಮುಗಿಯುತ್ತಿದೆ, ಸೆಕೆ ತಡೆಯೋಕಾಗ್ತಿಲ್ಲ, ಮಾಸ್ಕೋ ಜೊತೆ ಸಂಪರ್ಕವಿಲ್ಲ. ಮೇಲೆ ಯುದ್ಧ ಶುರುವಾಗಿದೆಯೋ ಇಲ್ಲವೋ ಗೊತ್ತಿಲ್ಲ. ಆ ಹಡಗಿನಲ್ಲಿ ಅಣುಸಿಡಿತಲೆಯ ಒಂದು ಟಾರ್ಪಿಡೊ ಇತ್ತು. ಇದ್ದದ್ದು ಗೊತ್ತೇ ಇಲ್ಲದೆ ಅಮೆರಿಕದವರು ಮೇಲಿನಿಂದ ಕೆಣಕುತ್ತಿದ್ದರು. ಒಳಗಿದ್ದವರು ಆಮೇಲೆ ಹೇಳಿದ ಪ್ರಕಾರ, ಕ್ಯಾಪ್ಟನ್ ಸವಿಟ್ಸ್ಕಿ ಸಿಟ್ಟಿಗೆದ್ದು ಅದನ್ನು ಸಿದ್ಧಮಾಡಲು ಹೇಳಿದರು. ಅದೇ ಹಡಗಿನಲ್ಲಿದ್ದ ಇನ್ನೊಬ್ಬ ಅಧಿಕಾರಿ ಅರ್ಖಿಪೋವ್ ಬೇಡ ಅಂದರು, ಸಮಾಧಾನ ಮಾಡಿದರು, ಹಡಗು ನೀರಿನ ಮೇಲೆ ಬಂತು. ಅಲ್ಲಿಗೆ ಕ್ಯೂಬಾದತ್ತ ಹೊರಟಿದ್ದ ಅಂಥ ಜಲಾಂತರ್ಗಾಮಿಗಳು ನಾಲ್ಕು. ನಾಲ್ಕರಲ್ಲೂ ಅಂಥ ಟಾರ್ಪಿಡೊ ಇತ್ತು. ಅರ್ಖಿಪೋವ್ ಇದ್ದದ್ದು ಒಂದರಲ್ಲಿ ಮಾತ್ರ.

ಎರಡನೆಯವರು ಸ್ಟಾನಿಸ್ಲಾವ್ ಪೆಟ್ರೋವ್. ಇವರು ನಮ್ಮವರೇ ಅನ್ನಿಸುತ್ತಾರೆ, ಯಾಕೆಂದರೆ ಎಂಜಿನಿಯರ್. 1983ರ ಸೆಪ್ಟೆಂಬರ್ 26, ಮಾಸ್ಕೋದ ದಕ್ಷಿಣಕ್ಕಿರುವ ಸೆರ್ಪುಖೋವ್-15 ಎಂಬ ಬಂಕರಿನಲ್ಲಿ ರಾತ್ರಿ ಪಾಳಿ. ಮೂರೇ ವಾರದ ಹಿಂದೆ ಸೋವಿಯತ್ ಒಕ್ಕೂಟ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಎರಡೂ ಕಡೆ ಕೆಂಡ ಕಾರುತ್ತಿದ್ದ ಸಮಯ. ನಡುರಾತ್ರಿ ದಾಟಿದ ಮೇಲೆ ಸೈರನ್ ಹೊಡೆಯಿತು. ಉಪಗ್ರಹ ಹೇಳುತ್ತಿದೆ, ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ. ಆಮೇಲೆ ಇನ್ನೊಂದು. ಒಟ್ಟು ಐದು. ಎಷ್ಟು ಖಚಿತ ಎಂದರೆ, ಅತ್ಯಂತ ಖಚಿತ ಎಂದಿತು ಕಂಪ್ಯೂಟರ್. ಪೆಟ್ರೋವ್ ಯೋಚಿಸಿದರು. ಯುದ್ಧ ಶುರುಮಾಡುವವನು ಐದೇ ಕ್ಷಿಪಣಿ ಬಿಡುತ್ತಾನಾ? ಈ ಸಿಸ್ಟಮ್ ಹೊಸತು, ಹೊಸತನ್ನು ಅಷ್ಟು ನಂಬಬಹುದಾ? ಫೋನ್ ಎತ್ತಿ, ಇದು ಸಿಸ್ಟಮ್ಮಿನ ದೋಷ ಎಂದು ಮೇಲಿನವರಿಗೆ ವರದಿ ಮಾಡಿದರು. ಆಮೇಲಿನ ಕೆಲವು ನಿಮಿಷ ಕಾದರು. ಏನೂ ಬಂದು ಬೀಳಲಿಲ್ಲ. ಎತ್ತರದ ಮೋಡಗಳ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತು.

ಈಗ ನಮ್ಮ ಹುಡುಗ ಕೇಳುತ್ತಾನೆ, ನನಗೆ ಗೊತ್ತು. “ಅಣ್ಣ, ಹಂಗಾದ್ರೆ ಪೆಟ್ರೋವ್ ಕೂಡ ಸಿಸ್ಟಮ್ಮಿನ ಭಾಗಾನೇ ಅಲ್ವಾ? ಮನುಷ್ಯನನ್ನ ಅಲ್ಲಿ ಕೂರಿಸಿದ್ದೇ ಅದಕ್ಕೆ. ಅಂದ್ರೆ ಸಿಸ್ಟಮ್ ವರ್ಕ್ ಆಯ್ತು.”

ಒಳ್ಳೇ ಪ್ರಶ್ನೆ. ಸಿಸ್ಟಮ್ ಅವರನ್ನು ತನ್ನ ಭಾಗ ಅಂದುಕೊಂಡಿತ್ತಾ ಅನ್ನೋದನ್ನು ಅದು ಆಮೇಲೆ ಅವರ ಜೊತೆ ನಡೆದುಕೊಂಡ ರೀತಿಯಿಂದ ನೋಡಬೇಕು. ಪೆಟ್ರೋವ್‌ಗೆ ಪದಕ ಕೊಡಲಿಲ್ಲ. ಆ ರಾತ್ರಿ ಲಾಗ್ ಪುಸ್ತಕ ಸರಿಯಾಗಿ ತುಂಬಿಲ್ಲ ಎಂದು ಛೀಮಾರಿ ಹಾಕಿದರು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೈಕು ಹಿಡಿದಿದ್ದವನು ಯಾವ ಕೈಯಲ್ಲಿ ಬರೆಯಬೇಕಿತ್ತೋ! ಅವರನ್ನು ಹೊಗಳಿದ್ದರೆ ಕೋಟಿಗಟ್ಟಲೆ ರೂಬಲ್ ಸುರಿದ ಸಿಸ್ಟಮ್ ತಪ್ಪು ಎಂದು ಒಪ್ಪಬೇಕಾಗುತ್ತಿತ್ತು, ಅದನ್ನು ಮಾಡಿದ ದೊಡ್ಡವರ ಹೆಸರು ಕೆಡುತ್ತಿತ್ತು. ಈ ಕಥೆ ಹೊರಬಂದಿದ್ದು ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ. 2017ರ ಮೇ ತಿಂಗಳಲ್ಲಿ ಪೆಟ್ರೋವ್ ತೀರಿಕೊಂಡರು. ಜಗತ್ತಿಗೆ ಸುದ್ದಿ ಗೊತ್ತಾಗಿದ್ದು ಸೆಪ್ಟೆಂಬರಿನಲ್ಲಿ.

ಇನ್ನೂ ಒಂದಿದೆ. ಆ ಘಟನೆಯ ನಂತರ ಸೋವಿಯತ್ ನಾಯಕರು, ‘ಮನುಷ್ಯರಿಂದ ಬದುಕಿದೆವು, ಮನುಷ್ಯರಿಗೆ ಇನ್ನಷ್ಟು ಸಮಯ ಕೊಡೋಣ’ ಅಂತ ಯೋಚಿಸಲಿಲ್ಲ. 1985ರಲ್ಲಿ ಪೆರಿಮೀಟರ್ ಎಂಬ ವ್ಯವಸ್ಥೆಯನ್ನು ಕೆಲಸಕ್ಕೆ ಹಚ್ಚಿದರು. ಮಾಸ್ಕೋದ ನಾಯಕರೆಲ್ಲ ಸತ್ತುಹೋದರೂ ಪ್ರತಿದಾಳಿ ಬಹುಮಟ್ಟಿಗೆ ತನ್ನಿಂತಾನೇ ನಡೆಯುವಂತೆ ಮಾಡುವ ಏರ್ಪಾಡು ಅದು. ಅಮೆರಿಕವಾದರೂ ಸುಮ್ಮನಿತ್ತೇ? 1983ರ ಕೊನೆಗೆ ಪಶ್ಚಿಮ ಜರ್ಮನಿಗೆ ಪರ್ಶಿಂಗ್-2 ಕ್ಷಿಪಣಿಗಳನ್ನು ತಂದಿಟ್ಟಿತು. ಅರ್ಧ ಗಂಟೆಯಿದ್ದ ಗಡುವು ಹತ್ತು ನಿಮಿಷದ ಆಸುಪಾಸಿಗೆ ಇಳಿಯಿತು. 1986ರ ಹೊತ್ತಿಗೆ ಜಗತ್ತಿನಲ್ಲಿದ್ದ ಅಣುಸಿಡಿತಲೆಗಳು ಸುಮಾರು 70,000. ಬಗ್ ಸಿಕ್ಕಿದ ಮೇಲೂ ಅದನ್ನು ಸರಿಮಾಡದೆ ಲೋಡ್ ಹೆಚ್ಚಿಸುತ್ತಾ ಹೋದರು. ಇದನ್ನು ವಿವೇಕ ಅನ್ನೋದಾದರೆ ನನ್ನ ಹತ್ತಿರ ಮಾತಿಲ್ಲ.

ಹಾಗಾದರೆ ಉಳಿದೆವು ಹೇಗೆ? ಕ್ಯೂಬಾ ಬಿಕ್ಕಟ್ಟಿನ ವೇಳೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದವರು ರಾಬರ್ಟ್ ಮೆಕ್‌ನಮಾರಾ. ಅಂಕಿಅಂಶದ ಮನುಷ್ಯ, ಎಲ್ಲವನ್ನೂ ಲೆಕ್ಕದಲ್ಲಿ ಹಿಡಿಯಬಹುದು ಎಂದು ನಂಬಿದವರು. 1992ರಲ್ಲಿ ಹವಾನಾದಲ್ಲಿ ನಡೆದ ಸಭೆಯಲ್ಲಿ ಅವರಿಗೆ ಒಂದು ವಿಷಯ ಗೊತ್ತಾಯಿತು. 1962ರ ಅಕ್ಟೋಬರಿನಲ್ಲೇ ಕ್ಯೂಬಾದ ನೆಲದ ಮೇಲೆ ಯುದ್ಧಭೂಮಿಯಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳು ಬಂದು ಕೂತಿದ್ದವು. ತಮ್ಮ ಜನರಲ್‌ಗಳು ಒತ್ತಾಯಿಸುತ್ತಿದ್ದ ಹಾಗೆ ಅಮೆರಿಕದ ಸೇನೆ ಅಲ್ಲಿ ಇಳಿದಿದ್ದರೆ? ಮೂವತ್ತು ವರ್ಷದ ನಂತರ ಅವರಿಗೆ ಬೆವರಿತು. ಕೊನೆಗಾಲದಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ, ನಾವು ಉಳಿದದ್ದು ಅದೃಷ್ಟದಿಂದ ಎಂದು ಬಾಯಿಬಿಟ್ಟು ಒಪ್ಪಿಕೊಂಡರು. ಸಿಸ್ಟಮ್ ಕಟ್ಟಿದವರೇ ಅದೃಷ್ಟ ಅಂತಿದ್ದಾರೆ. ಯೂಟ್ಯೂಬ್ ನೋಡಿದ ನಾವು ಸಿಸ್ಟಮ್ ವರ್ಕ್ ಆಯ್ತು ಅಂತಿದ್ದೇವೆ.

ಊರಲ್ಲಿ ನನ್ನ ದೊಡ್ಡಪ್ಪನ ಮಗ ಸಂತೆಯ ದಿನ ಕುಡಿದು, ಹೆಡ್‌ಲೈಟ್ ಇಲ್ಲದ ಮೊಪೆಡ್ಡಿನಲ್ಲಿ ಹೈವೇ ದಾಟಿ ಮನೆಗೆ ಬರುತ್ತಿದ್ದ. ವರ್ಷಗಟ್ಟಲೆ ಬಂದ. ಬೈದರೆ, ‘ಏನಾಯ್ತೀಗ, ಬಂದಿಲ್ವಾ’ ಅನ್ನೋನು. ಪುಣ್ಯಕ್ಕೆ ಏನೂ ಆಗಲಿಲ್ಲ, ಈಗ ಕುಡಿಯೋದು ಬಿಟ್ಟಿದ್ದಾನೆ. ಅವನು ಬಂದಿದ್ದಕ್ಕೆ ಎದುರಿನ ಲಾರಿ ಡ್ರೈವರುಗಳು ಕಾರಣ. ಹೀಗೆ ಓಡಿಸೋದೇ ಸರಿಯಾದ ವಿಧಾನ ಎಂದು ಯಾರೂ ಮಕ್ಕಳಿಗೆ ಹೇಳಿಕೊಡಲಿಲ್ಲ.

ಇನ್ನು ‘ಒಂದಾದ್ರೂ ಸಿಡೀತಾ’ ಅನ್ನೋ ಮಾತು. ಸಿಡಿದಿವೆ. ಪರೀಕ್ಷೆಯ ಹೆಸರಿನಲ್ಲಿ 1945ರಿಂದ ಈಚೆಗೆ ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಅಣುಸ್ಫೋಟಗಳಾಗಿವೆ. ಅವುಗಳಲ್ಲಿ ಬಹುಪಾಲು ಈ ಇಬ್ಬರವೇ. ಅಮೆರಿಕ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ 67 ಬಾಂಬು ಸಿಡಿಸಿತು. ಸೋವಿಯತ್ ಒಕ್ಕೂಟ ಕಝಾಕಿಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ 456. ಎರಡೂ ಕಡೆ ಹತ್ತಿರದಲ್ಲೇ ಜನ ಬದುಕುತ್ತಿದ್ದರು. 1954ರ ಮಾರ್ಚ್ 1ರಂದು ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ ಅಮೆರಿಕ ಸಿಡಿಸಿದ ಬಾಂಬು ಸುಮಾರು 6 ಮೆಗಾಟನ್ ಇರುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಸಿಡಿದದ್ದು 15. ಅದರೊಳಗಿದ್ದ ಒಂದು ಬಗೆಯ ಲಿಥಿಯಂ ಏನೂ ಮಾಡದೆ ಸುಮ್ಮನಿರುತ್ತದೆ ಎಂದು ಅಂದುಕೊಂಡಿದ್ದೇ ತಪ್ಪಾಗಿತ್ತು. ಲೆಕ್ಕ ತಪ್ಪಿದ್ದು ಅಮೆರಿಕದ ಪ್ರಯೋಗಾಲಯದಲ್ಲಿ. ವಿಷದ ಬೂದಿ ಬಿದ್ದದ್ದು ರೊಂಗೆಲಾಪ್ ದ್ವೀಪದ ಮಕ್ಕಳ ತಲೆಯ ಮೇಲೆ, ಮೀನು ಹಿಡಿಯಲು ಬಂದಿದ್ದ ಜಪಾನಿ ದೋಣಿಯವರ ಮೈಮೇಲೆ. ಇದಾದ ತಿಂಗಳಲ್ಲೇ ಪರೀಕ್ಷೆ ನಿಲ್ಲಿಸಿ ಎಂದು ನೆಹರೂ ಸಂಸತ್ತಿನಲ್ಲಿ ಕರೆ ಕೊಟ್ಟರು.

‘ಶೀತಲ ಸಮರ’ ಅನ್ನೋ ಹೆಸರೇ ಇಂಥ ಮೋಸದ್ದು. ಯಾರಿಗೆ ತಣ್ಣಗಿತ್ತು? ವಾಷಿಂಗ್ಟನ್‌ಗೆ, ಮಾಸ್ಕೋಗೆ. ಎರಡು ಕೋಣ ಕಾದಾಡಿದರೆ ಸಾಯೋದು ನಡುವಿನ ಗಿಡ. ಕೊರಿಯಾದಲ್ಲಿ ಮೂರು ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಲಾವೋಸ್ ಎಂಬ ಪುಟ್ಟ ದೇಶದ ಮೇಲೆ 1964ರಿಂದ 1973ರವರೆಗೆ ಅಮೆರಿಕ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಅವತ್ತು ಸಿಡಿಯದೆ ಉಳಿದವು ಇವತ್ತಿಗೂ ಹೊಲ ಅಗೆಯುವವರ ಗುದ್ದಲಿಗೆ ಸಿಗುತ್ತವೆ. ಇಂಡೊನೇಷ್ಯಾದಲ್ಲಿ 1965–66ರಲ್ಲಿ ಕಮ್ಯುನಿಸ್ಟರು ಎಂಬ ಹಣೆಪಟ್ಟಿ ಹಚ್ಚಿ ಕಡಿಮೆಯೆಂದರೂ ಐದು ಲಕ್ಷ ಜನರನ್ನು ಕೊಂದರು. ಕೊಂದವರು ಅಮೆರಿಕಕ್ಕೆ ಬೇಕಾದವರಾಗಿದ್ದರು. ಬುಡಾಪೆಸ್ಟಿನ ಬೀದಿಗೆ 1956ರಲ್ಲಿ, ಪ್ರಾಗ್‌ನ ಬೀದಿಗೆ 1968ರಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದವು. 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ಹೋಯಿತು, ಅದರ ವಿರುದ್ಧ ಹೋರಾಡುವವರಿಗೆ ಅಮೆರಿಕ ಬಂದೂಕು ಕೊಟ್ಟಿತು. ಆ ದೇಶ ಇನ್ನೂ ಎದ್ದು ಕೂತಿಲ್ಲ. ಇದಕ್ಕೆ ನಾವು ‘ದೀರ್ಘ ಶಾಂತಿ’ ಅಂತೀವಿ. ಮೂರನೇ ಮಹಾಯುದ್ಧ ಆಗಲಿಲ್ಲ ಅನ್ನೋ ಮಾತಿನ ಒಳಗೆ, ಸತ್ತವರು ಲೆಕ್ಕಕ್ಕೆ ಬರುವಂಥವರಲ್ಲ ಅನ್ನೋ ಇನ್ನೊಂದು ಮಾತು ಅಡಗಿದೆ.

ನಾವು ದೂರ ಇದ್ದೆವು ಅಂದುಕೊಳ್ಳಬೇಡಿ. ಚೀನಾ 1964ರಲ್ಲಿ ಅಣುಬಾಂಬು ಪರೀಕ್ಷೆ ಮಾಡಿದ ಮೇಲೆ, ಅದರ ಕ್ಷಿಪಣಿಗಳ ಮೇಲೆ ಕಣ್ಣಿಡಲು ಅಮೆರಿಕದ ಸಿಐಎ ಮತ್ತು ನಮ್ಮ ಗುಪ್ತಚರ ಇಲಾಖೆ ಸೇರಿ ನಂದಾದೇವಿ ಶಿಖರಕ್ಕೆ ಒಂದು ಯಂತ್ರ ಹೊತ್ತವು. ಅದರ ವಿದ್ಯುತ್ತಿಗೆ ಪ್ಲುಟೋನಿಯಂ. 1965ರ ಅಕ್ಟೋಬರಿನಲ್ಲಿ ಹವಾಮಾನ ಕೆಟ್ಟು, ಯಂತ್ರವನ್ನು ದಾರಿಯಲ್ಲೇ ಬಿಟ್ಟು ಇಳಿದರು. ಮರುವರ್ಷ ಹೋಗಿ ನೋಡಿದರೆ ಅದು ಇರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಕೆಳಗೆ ಹರಿಯೋದು ಗಂಗೆಗೆ ಸೇರುವ ನೀರು. ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಂಡಿದ್ದು 1978ರಲ್ಲಿ.

ಇಷ್ಟು ಹೇಳಿದರೆ ಕೆಲವರು ತಕ್ಷಣ ಕೇಳ್ತಾರೆ, ನೀನು ಯಾವ ಕಡೆ? ಬಲವೋ ಎಡವೋ? ಸ್ಪಷ್ಟವಾಗಿ ಹೇಳ್ತೀನಿ. ಬದುಕಲು ಒಂದು ಊರು ಆರಿಸಿಕೋ ಅಂದರೆ ಸರ್ಕಾರವನ್ನು ಬೈದು ಬರೆದು ರಾತ್ರಿ ನಿಶ್ಚಿಂತೆಯಿಂದ ಮಲಗಬಹುದಾದ ಊರನ್ನೇ ಆರಿಸುತ್ತೇನೆ. ಸ್ಟಾಲಿನ್‌ನ ಕ್ಯಾಂಪುಗಳಿಗೂ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಮನೆಗೆ ಹೋಗುವುದಕ್ಕೂ ವ್ಯತ್ಯಾಸ ಇಲ್ಲ ಎನ್ನುವಷ್ಟು ಕುರುಡ ನಾನಲ್ಲ. ಆದರೆ ಆ ವ್ಯತ್ಯಾಸ ಆಯಾ ದೇಶದ ಪ್ರಜೆಗಳಿಗೆ. ಲಾವೋಸಿನ ರೈತನ ಹೊಲಕ್ಕೆ ಬಿದ್ದ ಬಾಂಬಿಗೆ ಮತಪೆಟ್ಟಿಗೆ ಇರಲಿಲ್ಲ. ಕೆಟ್ಟ ಚಿಪ್ಪಿಗೆ ಸಿದ್ಧಾಂತ ಇರಲಿಲ್ಲ.

ಎರಡೂ ಕಡೆ ಬೇಡ ಅನ್ನುವುದು ಹೇಡಿತನ ಅಂತ ಅಂದುಕೊಂಡವರಿಗೆ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರನ್ನು ನೆನಪಿಸುತ್ತೇನೆ. 1953ರಲ್ಲಿ ಕೊರಿಯಾದ ಗುಂಡಿನ ಸದ್ದು ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅನ್ನುತ್ತಿದ್ದ ಸಾವಿರಾರು ಯುದ್ಧಕೈದಿಗಳ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಅದನ್ನು ನೋಡಿಕೊಳ್ಳಲು ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಅವರು. ಎರಡೂ ಪಾಳಯಗಳಿಂದ ಬೈಸಿಕೊಂಡು ಆ ಕೆಲಸ ಮಾಡಿದರು. ಆ ಕಡೆಯೂ ಬೇಡ, ಈ ಕಡೆಯೂ ಬೇಡ ಅಂದ 88 ಕೈದಿಗಳು ಕೊನೆಗೆ ನಮ್ಮ ಸೈನಿಕರ ಜೊತೆ ಭಾರತಕ್ಕೇ ಬಂದರು. ಆ 88 ಜನರನ್ನು ಯಾರಾದರೂ ಹೇಡಿಗಳು ಅನ್ನಲಿ ನೋಡೋಣ.

ಹಳೇ ಕಥೆ, ಈಗ ಯಾಕೆ ಅಂತೀರಾ? 2022ರ ಮಾರ್ಚ್ 9ರ ಸಂಜೆ ನಮ್ಮ ದೇಶದಿಂದ ಒಂದು ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿ, ಗಡಿ ದಾಟಿ, ಪಾಕಿಸ್ತಾನದ ಮಿಯಾನ್ ಚನ್ನು ಎಂಬ ಊರಿನ ಹತ್ತಿರ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ. ಯಾರೂ ಸಾಯಲಿಲ್ಲ. ವಾಡಿಕೆಯ ನಿರ್ವಹಣೆ ವೇಳೆ ಆದ ತಾಂತ್ರಿಕ ದೋಷ ಎಂದು ನಮ್ಮ ಸರ್ಕಾರ ಹೇಳಿಕೆ ಕೊಟ್ಟು ವಿಷಾದ ವ್ಯಕ್ತಪಡಿಸಿದ್ದು ಎರಡು ದಿನದ ನಂತರ. ಆಗಸ್ಟಿನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ನಿಗದಿತ ಕ್ರಮ ಪಾಲಿಸಿರಲಿಲ್ಲ ಎಂಬುದು ಕಾರಣ. ಆ ಸಂಜೆ ಗಡಿಯಾಚೆ ಒಂದು ರೇಡಾರ್ ಮುಂದೆ ಯಾರೋ ಕೂತಿದ್ದರು. ಅವರ ಹೆಸರು ನಮಗೆ ಗೊತ್ತಿಲ್ಲ. ಅವರ ಕೈಯಲ್ಲಿದ್ದದ್ದು ಪೆಟ್ರೋವ್‌ಗಿಂತಲೂ ಕಡಿಮೆ ನಿಮಿಷ. ಅಮೆರಿಕ, ರಷ್ಯಾ ನಡುವೆ ಒಂದು ಸಾಗರವಾದರೂ ಇತ್ತು. ನಮ್ಮ ನಡುವೆ ಇರೋದು ತಂತಿಬೇಲಿ.

ಅವತ್ತಿನ ಮಾರನೇ ವಾರ ನಾವು ಆಫೀಸಿನಲ್ಲಿ ಏನು ಮಾತಾಡಿದೆವು ನೆನಪಿದೆಯಾ? ಮೀಮ್ ಹಂಚಿಕೊಂಡೆವು. ನಾನೂ ಒಂದು ಫಾರ್ವರ್ಡ್ ಮಾಡಿದ್ದೆ.

ಬಾಂಬು ನಾಳೆ ಬೆಳಿಗ್ಗೆಯೇ ಮಾಯವಾಗಲಿ ಎಂದು ನಾನು ಹೇಳುತ್ತಿಲ್ಲ. ಹಾಗಾಗಲ್ಲ ಅಂತ ನನಗೂ ಗೊತ್ತು. ಆದರೆ ಶೀತಲ ಸಮರದಿಂದ ಕಲಿಯೋದೇ ಆದರೆ ನಿಜವಾಗಿ ಅಪಾಯ ತಗ್ಗಿಸಿದ್ದನ್ನು ಕಲಿಯೋಣ. ಅವೆಲ್ಲ ಟೀವಿ ಚರ್ಚೆಗೆ ಒದಗದ ಸಪ್ಪೆ ಕೆಲಸಗಳು. ಕ್ಯೂಬಾದ ಭಯದ ನಂತರ 1963ರಲ್ಲಿ ವಾಷಿಂಗ್ಟನ್, ಮಾಸ್ಕೋ ನಡುವೆ ನೇರ ಸಂಪರ್ಕದ ತಂತಿ ಎಳೆದರು. 1972ರಲ್ಲಿ ಸಮುದ್ರದ ಮೇಲೆ ಎರಡೂ ನೌಕಾಪಡೆಗಳು ಹೇಗೆ ನಡೆದುಕೊಳ್ಳಬೇಕು ಎಂದು ಒಪ್ಪಂದ ಮಾಡಿಕೊಂಡರು. 1987ರಲ್ಲಿ ರೇಗನ್ ಮತ್ತು ಗೋರ್ಬಚೆವ್ ಸಹಿ ಹಾಕಿ ಪರ್ಶಿಂಗ್-2ರಂಥ ಕ್ಷಿಪಣಿಗಳ ಇಡೀ ವರ್ಗವನ್ನೇ ಒಡೆದುಹಾಕಿದರು. ಜಗತ್ತಿಗೆ ಉಸಿರಾಡಲು ಸಿಕ್ಕ ನಿಮಿಷಗಳು ಇಂಥ ಕಾಗದಗಳಿಂದ ಬಂದವು, ಬಾಂಬಿನಿಂದಲ್ಲ.

ನಮ್ಮಲ್ಲೂ ಅಂಥ ಕಾಗದಗಳಿವೆ. ಭಾರತ, ಪಾಕಿಸ್ತಾನ ಪ್ರತಿ ವರ್ಷ ಜನವರಿ 1ರಂದು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. ಅವುಗಳ ಮೇಲೆ ದಾಳಿ ಮಾಡಬಾರದು ಎಂಬ 1988ರ ಒಪ್ಪಂದ ಅದು. ಬ್ಯಾಲಿಸ್ಟಿಕ್ ಕ್ಷಿಪಣಿಯ ಪರೀಕ್ಷೆಗೆ ಮೊದಲು ತಿಳಿಸಬೇಕು ಎಂದು 2005ರಲ್ಲಿ ಇನ್ನೊಂದಾಯಿತು. ಬ್ರಹ್ಮೋಸ್‌ನಂಥ ಕ್ರೂಸ್ ಕ್ಷಿಪಣಿ ಅದರೊಳಗೆ ಬರಲ್ಲ. ಬರಬೇಕು ಎಂದು ಕೇಳೋದು ದೇಶದ್ರೋಹವೂ ಅಲ್ಲ, ಶಾಂತಿಮಂತ್ರವೂ ಅಲ್ಲ. ಬಗ್ ರಿಪೋರ್ಟ್ ಅಷ್ಟೇ. ಆ ಕುರ್ಚಿಯಲ್ಲಿ ಕೂತವನಿಗೆ ಯೋಚಿಸಲು ಎಷ್ಟು ನಿಮಿಷ ಇದೆ, ‘ಇದು ಸುಳ್ಳು’ ಅನ್ನೋ ಅಧಿಕಾರ ಇದೆಯಾ, ಅಂದರೆ ಅವನಿಗೆ ಶಿಕ್ಷೆಯಾಗುತ್ತಾ ಎಂದು ತೆರಿಗೆ ಕಟ್ಟುವ ನಾವು ಕೇಳಬಹುದು. ಕೇಳಬೇಕು.

ಇದೆಲ್ಲ ಊಟದ ಮೇಜಿನಲ್ಲೇ ಹೇಳಬೇಕಿತ್ತು. ಮೀಟಿಂಗ್ ಇತ್ತು, ಎದ್ದು ಹೋದೆ. ಆ ಹುಡುಗ ಇದನ್ನು ಓದ್ತಾನೆ ಅಂತ ಗೊತ್ತು. ಈ ತಿಂಗಳು ಆನ್‌ಕಾಲ್ ಡ್ಯೂಟಿ ಅವನದೇ. ತಮ್ಮಾ, ಮೊನ್ನೆ ಶನಿವಾರ ರಾತ್ರಿ ಮೂರು ಗಂಟೆಗೆ ಅಲಾರಂ ಬಂದಾಗ ನೀನು ಸರ್ವರ್ ರೀಸ್ಟಾರ್ಟ್ ಮಾಡದೆ, ಮೊದಲು ಅಲಾರಮ್ಮೇ ಸುಳ್ಳಿರಬಹುದಾ ಅಂತ ನೋಡಿದೆಯಲ್ಲ? ಸುಳ್ಳೇ ಆಗಿತ್ತಲ್ಲ? ನಿನಗೆ ಅದನ್ನು ನೋಡಲು ನಲವತ್ತು ನಿಮಿಷ ಸಿಕ್ಕಿತ್ತು. ಐದೇ ನಿಮಿಷ ಇದ್ದಿದ್ದರೆ ಏನು ಮಾಡ್ತಿದ್ದೆ? ನಾಳೆ ಊಟಕ್ಕೆ ಕೂತಾಗ ಹೇಳು.